ಅರ್ಧಚಂದ್ರದ ಪಕ್ಕದ ಚುಕ್ಕಿ

ಊರಿಗೆ ಹೆರಿಗೆ ಆಸ್ಪತ್ರೆ ಕಟ್ಟಿಸಿಕೊಟ್ಟ ನಲ್ಲಿ ಕಾರ್ಖಾನೆಯ ಯಜಮಾನರು, ಅದನ್ನು ತೆರೆಯುವ ದಿನ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಮಗಳು ಬಾಗಿಲಲ್ಲಿ ಬಂದು ನಿಂತಳು. ಅವಳ ಮುಖ ನೋಡಿದರೇ ಸಾಕಿತ್ತು, ಏನೋ ಎಡವಟ್ಟಾಗಿದೆ ಎಂದು ತಿಳಿಯಲು.

"ಅಪ್ಪ, ಆಸ್ಪತ್ರೆಯಿಂದ ಹಿರಿಯ ನರ್ಸಮ್ಮ ಫೋನ್ ಮಾಡಿದ್ರು."

"ಏನಂತೆ?"

"ಅಂಥದ್ದೇನಿಲ್ಲ. ಹುಟ್ಟಿದ ಮಕ್ಕಳಿಗೆ ಸ್ನಾನ ಮಾಡಿಸೋ ಕೋಣೇಲಿ ಒಂದು ನಲ್ಲಿ ಸೋರ್ತಿದೆಯಂತೆ. ಯಾರನ್ನಾದ್ರೂ ಕಳಿಸ್ತೀನಿ, ನೀವು ನಿಧಾನಕ್ಕೆ ಹೊರಡಿ."

ಯಜಮಾನರ ಕೈ ಗುಂಡಿಯ ಮೇಲೇ ನಿಂತಿತು. "ಯಾರನ್ನಾದ್ರೂ ಅಂದ್ರೆ? ಗುರುತು ಯಾರದು?"

ಮಗಳು ಅವರ ಕೋಟಿನ ಕಾಲರ್ ಸರಿಮಾಡಲು ಬಂದಳು.

"ಗುರುತು ಯಾರದು ಅಂತ ಕೇಳ್ದೆ."

"ನಿಮ್ಮದೇ ಅಪ್ಪ. ಅರ್ಧಚಂದ್ರ."

ಆ ಮನೆತನದ ಕಾರ್ಖಾನೆಯಲ್ಲಿ ಮೂರು ತಲೆಮಾರಿನಿಂದ ಹಿತ್ತಾಳೆ ನಲ್ಲಿ ತಯಾರಾಗುತ್ತಿತ್ತು. ಎರಕ ಹೊಯ್ದು, ಲೇತಿನಲ್ಲಿ ಕಡೆದು, ಹೊಳಪು ಕೊಟ್ಟ ಪ್ರತಿ ನಲ್ಲಿಯೂ ಕೊನೆಗೆ ಕಿಟಕಿಯ ಕೆಳಗಿನ ಉದ್ದ ಮೇಜಿಗೆ ಬರಬೇಕು. ಅಲ್ಲಿ ನಲ್ಲಿಯನ್ನು ಗಾಳಿಯ ಕೊಳವೆಗೆ ತಿರುಪಿ ಕೂರಿಸಿ, ಬಿಗಿಯಾಗಿ ಮುಚ್ಚಿ, ಗಾಳಿ ಬಿಟ್ಟು, ಕಿವಿಯ ಹತ್ತಿರ ಹಿಡಿಯುತ್ತಾರೆ. ಎಲ್ಲೋ ಕೂದಲೆಳೆಯಷ್ಟು ಸಂದು ಉಳಿದಿದ್ದರೆ 'ಸ್ಸ್' ಎಂದು ಸಣ್ಣ ಸದ್ದು. ಸದ್ದಿಲ್ಲದಿದ್ದರೆ ನಲ್ಲಿ ಪಾಸು. ಆಗ ಪರೀಕ್ಷೆ ಮಾಡಿದವರು ಪುಟ್ಟ ಉಳಿಯಿಂದ ಒಂದೇ ಏಟಿಗೆ ಅದರ ಹೊಟ್ಟೆಯ ಕೆಳಗೆ ತಮ್ಮ ಗುರುತು ಒತ್ತಬೇಕು. ಒಬ್ಬರದು ಗೆರೆ, ಒಬ್ಬರದು ಚುಕ್ಕಿ, ಒಬ್ಬರದು ಕತ್ತರಿ. ಅರ್ಧಚಂದ್ರ ಯಜಮಾನರಿಗೆ ಅವರ ಅಪ್ಪನಿಂದ ಬಂದದ್ದು. "ಅರ್ಧಚಂದ್ರ ಬಿದ್ದ ಮೇಲೆ ಹೊರಗೆ ಹೋಗಲೇಬೇಕಲ್ಲ" ಎಂದು ಕೆಲಸಗಾರರು ನಲ್ಲಿಯನ್ನು ಪೆಟ್ಟಿಗೆಗೆ ಹಾಕುತ್ತಾ ನಗುತ್ತಿದ್ದರು.

ಗುರುತಿನ ಹಿಂದೆ ಒಂದು ಕಟ್ಟಳೆಯೂ ಇತ್ತು. ಯಾವ ಮನೆಯಲ್ಲೇ ಆಗಲಿ ನಲ್ಲಿ ಸೋರಿದರೆ, ಗುರುತು ಹಾಕಿದವರೇ ಹೋಗಿ, ಮನೆಯವರ ಎದುರಿಗೆ ರಿಪೇರಿ ಮಾಡಿ, "ತಪ್ಪು ನನ್ನದು" ಎಂದು ಹೇಳಿ ಬರಬೇಕು.

ಐವತ್ತೊಂದು ವರ್ಷ ಆ ಮೇಜಿನ ಮುಂದೆ ಕೂತ ಯಜಮಾನರು ಹಾಗೆ ಹೇಳಬೇಕಾಗಿ ಬಂದದ್ದು ನಾಲ್ಕೇ ಸಲ. ಅದೂ ಕರಿಗೂದಲಿನ ಕಾಲದಲ್ಲಿ. ಊರಿನ ವಾಚನಾಲಯ, ಶಾಲೆಯ ಮಹಡಿ, ಬಸ್ ನಿಲ್ದಾಣದ ಕುಡಿಯುವ ನೀರು, ಎಲ್ಲ ಅವರ ಕೈಯಿಂದಲೇ ಆದದ್ದು. ಯಾರಾದರೂ ಹೊಗಳಿದರೆ "ಕೊಟ್ಟೆ ಅನ್ಬೇಡಿ, ಊರು ಇಸ್ಕೊಂಡಿತು ಅನ್ನಿ" ಎಂದು ಮುಜುಗರಪಡುತ್ತಿದ್ದರು. ಆದರೆ ಆ ಮೇಜಿನ ಮುಂದಿನ ಸ್ಟೂಲಿನ ವಿಷಯಕ್ಕೆ ಬಂದರೆ ಅವರಿಗೆ ಮುಜುಗರವೇನೂ ಇರಲಿಲ್ಲ. ಕಾರ್ಖಾನೆಯ ಆಡಳಿತವನ್ನೆಲ್ಲ ಮಗಳ ಕೈಗೆ ಒಪ್ಪಿಸಿದ ದಿನವೇ ಹೇಳಿದ್ದರು: "ಆಫೀಸು ನಿಂದು, ಬೀಗದ ಕೈ ನಿಂದು. ಸ್ಟೂಲು ಮಾತ್ರ ನಂದು."

ಈಗ ಆ ಸ್ಟೂಲಿಗೇ ಸಂಚಕಾರ ಬಂದಿತ್ತು.

ಏಕೆಂದರೆ ಯಜಮಾನರು ಯಾರಿಗೂ ಹೇಳದೆ ಹೊಟ್ಟೆಯಲ್ಲೇ ಇಟ್ಟುಕೊಂಡ ಸಂಗತಿಯೊಂದಿತ್ತು. ಎರಡು ವರ್ಷದಿಂದ ಅವರಿಗೆ ಸಣ್ಣ ದನಿಗಳು ಕೇಳಿಸುತ್ತಿರಲಿಲ್ಲ. ಎದುರಿಗೆ ನಿಂತು ಮಾತಾಡಿದರೆ ಅರ್ಧ ಕಿವಿಯಿಂದ, ಅರ್ಧ ತುಟಿ ನೋಡಿ ಹೇಗೋ ತೂಗಿಸುತ್ತಿದ್ದರು. ಗೋಡೆ ಗಡಿಯಾರ ನಿಂತಿದೆ ಎಂದು ಕೀಲಿ ಕೊಡಲು ಹೋಗಿ, ಮುಳ್ಳು ಓಡುತ್ತಿರುವುದನ್ನು ಕಂಡು ಸುಮ್ಮನೆ ವಾಪಸ್ಸು ಬಂದಿದ್ದರು. ಮಾತಿನ ಕಿವಿ ಬೇರೆ, ಕೆಲಸದ ಕಿವಿ ಬೇರೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು. ಮೇಜಿನ ಮುಂದೆ ಕೂತಾಗ ಒಂದು ನಲ್ಲಿಯೂ 'ಸ್ಸ್' ಎನ್ನುತ್ತಿರಲಿಲ್ಲ. "ಈಗೀಗ ನಿಮ್ಮ ಕೈ ಪಳಗಿದೆ ಕಣ್ರೋ" ಎಂದು ಲೇತಿನವರನ್ನು ಹೊಗಳಿಯೂ ಇದ್ದರು. ಲೇತಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು.

ಆಸ್ಪತ್ರೆಯ ತೊಂಬತ್ತು ನಲ್ಲಿಗಳನ್ನೂ ಅವರು ಹಟ ಹಿಡಿದು ತಾವೊಬ್ಬರೇ ಪರೀಕ್ಷಿಸಿದ್ದರು. ಮಗಳು ಹುಟ್ಟಿದ ದಿನ, ಹೆಂಡತಿ ಮಲಗಿದ್ದ ಕೋಣೆಗೆ ಕೆಳಗಿನಿಂದ ಬಕೆಟ್ಟಿನಲ್ಲಿ ನೀರು ಹೊತ್ತು ಮೂವತ್ತೆರಡು ಮೆಟ್ಟಿಲು ಹತ್ತಿದ್ದು ಅವರಿಗೆ ಇನ್ನೂ ಕಾಲಿನಲ್ಲಿ ನೆನಪಿತ್ತು. ಹೆಂಡತಿ ತೀರಿಹೋಗಿ ಆರು ವರ್ಷ. ಆ ಊರಿನಲ್ಲಿ ಇನ್ನು ಯಾವ ಬಾಣಂತಿಯ ಮನೆಯವರೂ ಬಕೆಟ್ಟು ಹೊರಬಾರದು ಎಂಬುದೊಂದೇ ಈ ಆಸ್ಪತ್ರೆಯ ಹಿಂದಿನ ಆಸೆ.

"ನಾನೇ ಹೋಗ್ತೀನಿ" ಎಂದರು. "ಉಪಕರಣದ ಚೀಲ ಕೊಡು."

"ಹನ್ನೊಂದಕ್ಕೆ ಸಭೆ ಅಪ್ಪ. ಕೋಟು ಹಾಕ್ಕೊಂಡು ಸ್ಪ್ಯಾನರ್ ಹಿಡೀತೀರಾ?"

"ಕೋಟು ಬಿಚ್ಚೋಕೆ ಬರುತ್ತೆ ನಂಗೆ."

ಆಸ್ಪತ್ರೆಯಲ್ಲಿ ಹೊಸ ಸುಣ್ಣದ ವಾಸನೆ. ಅಂಗಳದಲ್ಲಿ ಕುರ್ಚಿ ಜೋಡಿಸುತ್ತಿದ್ದರು. ಸ್ನಾನದ ಕೋಣೆಯ ಬಾಗಿಲಲ್ಲಿ ಹಿರಿಯ ನರ್ಸಮ್ಮನ ಜೊತೆ ಇನ್ನೊಬ್ಬರು ಏದುಸಿರು ಬಿಡುತ್ತಾ ನಿಂತಿದ್ದರು. ಮೇಜಿನಲ್ಲಿ ಯಜಮಾನರ ಪಕ್ಕದ ಸ್ಟೂಲಿನಾಕೆ, ಚುಕ್ಕಿ ಅಕ್ಕ. ಗುರುತು ಚುಕ್ಕಿಯಾದ್ದರಿಂದ ಮೂವತ್ತು ವರ್ಷದಿಂದ ಆಕೆಗೆ ಅದೇ ಹೆಸರು.

"ನಿನ್ನನ್ಯಾರಮ್ಮ ಕರೆದದ್ದು?"

"ನಿಮ್ಮ ಮಗಳು" ಎಂದರು ಚುಕ್ಕಿ ಅಕ್ಕ, ಮುಖ ಅವರಿಗೆ ಸರಿಯಾಗಿ ಕಾಣುವಂತೆ ಬೆಳಕಿಗೆ ತಿರುಗಿ. ಹಾಗೆ ತಿರುಗಿ ನಿಲ್ಲುವುದು ಆಕೆಗೆ ರೂಢಿಯೇ ಆಗಿಬಿಟ್ಟಿದೆ ಎಂಬುದು ಯಜಮಾನರಿಗೆ ಅವತ್ತೇ ಹೊಳೆದದ್ದು.

ಸೋರುವ ನಲ್ಲಿಯ ತುದಿಯಲ್ಲಿ ಹನಿಯೊಂದು ತುಂಬಿ, ತೂಗಿ, ಬೀಳುತ್ತಿತ್ತು. ಯಜಮಾನರು ಕೋಟು ಬಿಚ್ಚಿ ನರ್ಸಮ್ಮನ ಕೈಗೆ ಕೊಟ್ಟು, ಸಿಂಕಿನ ಅಡಿಗೆ ಬಗ್ಗಿ, ಭೂತಗನ್ನಡಿ ಹಿಡಿದು ನೋಡಿದರು. ಅರ್ಧಚಂದ್ರ. ಅನುಮಾನವೇ ಇಲ್ಲ. ಇದೊಂದು ಸೋರಿದರೆ ಉಳಿದ ಎಂಬತ್ತೊಂಬತ್ತರ ಗತಿ ಏನು?

ಎದ್ದವರೇ ಪಕ್ಕದ ವಾರ್ಡಿಗೆ ನಡೆದರು. ಅಲ್ಲಿನ ನಲ್ಲಿಯ ಹೊಟ್ಟೆಯ ಕೆಳಗೆ ಗಾಜು ಹಿಡಿದರು. ಅರ್ಧಚಂದ್ರ. ಅದರ ಪಕ್ಕದಲ್ಲಿ, ಸಾಸಿವೆ ಕಾಳಿಗಿಂತ ಚಿಕ್ಕದಾಗಿ, ಒಂದು ಚುಕ್ಕಿ.

ಮುಂದಿನ ನಲ್ಲಿ. ಅರ್ಧಚಂದ್ರ, ಚುಕ್ಕಿ. ಅದರಾಚೆಯದು. ಅರ್ಧಚಂದ್ರ, ಚುಕ್ಕಿ. ಹನ್ನೆರಡನೆಯ ನಲ್ಲಿಯನ್ನೂ ನೋಡಿ, ಬಾಣಂತಿಯರಿಗೆಂದು ಹಾಸಿದ್ದ ಹೊಸ ಮಂಚದ ಅಂಚಿಗೆ ಕೂತರು.

"ಯಾವಾಗಿಂದ?" ಎಂದರು.

"ಎರಡು ವರ್ಷ ಆಯ್ತು" ಎಂದರು ಚುಕ್ಕಿ ಅಕ್ಕ. "ಸಂಜೆ ನೀವು ಹೋದ ಮೇಲೆ ನಿಮ್ಮ ಪೆಟ್ಟಿಗೆ ಬಿಚ್ಚಿ ಇನ್ನೊಂದು ಸಲ ನೋಡ್ತಿದ್ದೆ. ಇಲ್ಲಿದ್ದರಲ್ಲಿ ನಾಲ್ಕು ಮಾತ್ರ ತಪ್ಪಿಹೋಯ್ತು. ಸೊಸೆಗೆ ಹೆರಿಗೆ ಅಂತ ರಜಾ ಹಾಕಿದ್ನಲ್ಲ, ಅವತ್ತಿನದು. ವಾಪಸ್ಸು ಬರೋದ್ರೊಳಗೆ ಲಾರಿ ಹೊರಟುಹೋಗಿತ್ತು."

"ಮಗಳಿಗೆ ಗೊತ್ತಾ?"

"ಇಡೀ ಕಾರ್ಖಾನೆಗೇ ಗೊತ್ತು."

"ಗೇಟಿನ ಕಾವಲುಗಾರನಿಗೂ?"

"ಅವನಿಗೇ ಮೊದಲು ಗೊತ್ತಾಗಿದ್ದು. ಮೊದಲೆಲ್ಲ ಗೇಟು ಕಿರ್ ಅಂದ್ರೆ ನೀವು 'ಎಣ್ಣೆ ಹಾಕೋ ಸೋಮಾರಿ' ಅಂತ ದಿನಾ ಬೈತಿದ್ರಂತೆ. ಒಂದು ತಿಂಗಳಾದ್ರೂ ಬೈಗುಳ ಬರ್ಲಿಲ್ಲ ಅಂತ ಪಾಪ ಕಣ್ಣಲ್ಲಿ ನೀರು ಹಾಕ್ಕೊಂಡು ನನ್ನ ಹತ್ರ ಬಂದ."

ಯಜಮಾನರಿಗೆ ಮೊದಲು ಬಂದದ್ದು ಸಿಟ್ಟು. "ಎರಡು ವರ್ಷ ನನ್ನನ್ನ ಬೊಂಬೆ ಮಾಡಿ ಕೂರಿಸಿದ್ರಾ? ಒಂದು ಮಾತು ಹೇಳೋಕೆ ಬಾಯಿಗೆ ಬೀಗ ಬಿದ್ದಿತ್ತಾ? 'ಎದ್ದೇಳಿ ಯಜಮಾನ್ರೇ, ನಿಮ್ಮ ಕಿವಿ ಮುಗೀತು' ಅಂತ?"

"ನೀವು ನಂಗೆ ಹೇಳಿದ್ರಾ?"

"ನಾನೇನು ಹೇಳಬೇಕಿತ್ತು?"

ಚುಕ್ಕಿ ಅಕ್ಕ ಮಂಚದ ಇನ್ನೊಂದು ಅಂಚಿಗೆ ಕೂತರು. ಮೂವತ್ತು ವರ್ಷದಲ್ಲಿ ಯಜಮಾನರ ಎದುರು ಆಕೆ ಹೇಳದೆ ಕೇಳದೆ ಕೂತದ್ದು ಅದೇ ಮೊದಲು.

"ಮನೆಯವರು ಹೋಗಿ ಎರಡು ತಿಂಗಳಿಗೆ ನಾನು ಕೆಲಸಕ್ಕೆ ಬಂದದ್ದು. ಕಿವಿ ಹತ್ರ ನಲ್ಲಿ ಹಿಡಿದ್ರೆ ನಂಗೆ ಅವರ ಕೆಮ್ಮು ಕೇಳಿಸ್ತಿತ್ತು, ಗಾಳಿ ಕೇಳಿಸ್ತಿರ್ಲಿಲ್ಲ. ಆದ್ರೂ ಒಂದೂ ನಲ್ಲಿ ವಾಪಸ್ಸು ಬರ್ಲಿಲ್ಲ. ನಾನೇ ಬಲು ಜಾಣೆ ಅಂದ್ಕೊಂಡಿದ್ದೆ. ಎಷ್ಟೋ ವರ್ಷ ಆದ್ಮೇಲೆ ನಮ್ಮ ಬೀದಿ ನಲ್ಲಿಗೆ ವಾಷರ್ ಹಾಕೋಕೆ ಹೋಗಿ ಕೆಳಗೆ ನೋಡ್ತೀನಿ, ನನ್ನ ಚುಕ್ಕಿ. ಅದರ ಪಕ್ಕ ಅರ್ಧಚಂದ್ರ."

ಯಜಮಾನರು ಹಣೆ ಉಜ್ಜಿಕೊಂಡರು. "ನಾನಾ? ಹಾಗೆ ಮಾಡಿದ್ನಾ?"

"ನೀವು ಮರೆತಿರ್ತೀರಿ. ನಾನು ಹೇಗೆ ಮರೀಲಿ?"

ಯಜಮಾನರಿಗೆ ನಿಜಕ್ಕೂ ನೆನಪಿರಲಿಲ್ಲ. ಇಷ್ಟು ವರ್ಷ ಊರಿಗೆ ಅದು ಮಾಡಿದೆ, ಇದು ಮಾಡಿದೆ ಎಂದು ಕಲ್ಲುಗಳ ಮೇಲೆ ಕೆತ್ತಿದ್ದೆಲ್ಲ ಒಂದು ಕಡೆ. ಮಾಡಿದ್ದೇ ಮರೆತುಹೋದ ಯಾವುದೋ ಸಂಜೆಯ ಕೆಲಸ ಇನ್ನೊಂದು ಕಡೆ. ಅದನ್ನು ಈ ಹೆಣ್ಣುಮಗಳು ಮನಸ್ಸಿನಲ್ಲಿ ಜೋಪಾನವಾಗಿಟ್ಟುಕೊಂಡು, ಎರಡು ವರ್ಷ ಸಂಜೆಯ ಬಸ್ಸು ತಪ್ಪಿಸಿಕೊಂಡು, ಅವರ ಮಾನ ಕಾದಿದ್ದಾಳೆ. ಕೈಯಲ್ಲಿದ್ದ ಭೂತಗನ್ನಡಿ ಒರೆಸುತ್ತಾ, "ನಿನ್ನ ಮೊಮ್ಮಗು ಹೇಗಿದೆ?" ಎಂದರು.

"ಅದರ ಗಂಟಲಿಗೆ ವಾಷರೇ ಇಲ್ಲ ಯಜಮಾನ್ರೇ. ನಿಮಗೂ ಕೇಳಿಸುತ್ತೆ, ಬನ್ನಿ ಒಂದಿನ."

ಇಬ್ಬರೂ ನಕ್ಕರು. ನಕ್ಕು ಕಣ್ಣೊರೆಸಿಕೊಂಡು ಸ್ನಾನದ ಕೋಣೆಗೆ ವಾಪಸ್ಸು ಹೋದರು.

ಊರಿನ ಪುರಸಭೆಯ ಅಧ್ಯಕ್ಷರು ಹಾರ ಹಿಡಿದು ಯಜಮಾನರನ್ನು ಹುಡುಕುತ್ತಾ ಬಂದಾಗ ಕಂಡದ್ದು ಸಿಂಕಿನ ಅಡಿಯಿಂದ ಚಾಚಿದ್ದ ಎರಡು ಬೂಟುಗಳು ಮಾತ್ರ. "ಇದೇನ್ರೀ ಇದು! ಹೊರಗೆ ಜನ ಕಾಯ್ತಿದ್ದಾರೆ!" ಎಂದು ಅವರು ಕೂಗಿದರೆ, ಬೂಟುಗಳು ಅಲ್ಲಾಡಲಿಲ್ಲ. ವಾಷರಿನ ಅಡಿಯಲ್ಲಿ ಸಿಕ್ಕಿಕೊಂಡಿದ್ದ ಹಿತ್ತಾಳೆಯ ಎಳೆಯೊಂದು ಯಜಮಾನರ ಬೆರಳ ತುದಿಗೆ ಬಂದಿತ್ತು. ಅದನ್ನು ತೆಗೆದು, ನಲ್ಲಿ ಕೂಡಿಸಿ, ಎದ್ದು, ಹನಿ ನಿಂತದ್ದನ್ನು ಕಣ್ಣಾರೆ ನೋಡಿ, ನರ್ಸಮ್ಮನ ಕಡೆ ತಿರುಗಿದರು. "ತಪ್ಪು ನನ್ನದು ತಾಯಿ." ಆಮೇಲೆ ಚೀಲದಿಂದ ಚೂಪು ಮೊನೆಯ ಉಳಿಯೊಂದನ್ನು ತೆಗೆದು ಚುಕ್ಕಿ ಅಕ್ಕನ ಕೈಗಿತ್ತರು. "ಇದಕ್ಕೂ, ಆ ಉಳಿದ ಮೂರಕ್ಕೂ ಕಿವಿ ಕೊಟ್ಟು ನೋಡಿ ನಿನ್ನದೂ ಒಂದು ಹಾಕಮ್ಮ."

ಸಭೆಯಲ್ಲಿ ಅವರು ಜೇಬಿನಲ್ಲಿದ್ದ ಭಾಷಣದ ಚೀಟಿ ತೆಗೆಯಲೇ ಇಲ್ಲ. ಅಧ್ಯಕ್ಷರು ಕಿವಿಯ ಬಳಿ ಏನೋ ಹೇಳಲು ಬಗ್ಗಿದರೆ, ಮೈಕಿನಲ್ಲೇ, ಊರಿಗೆಲ್ಲ ಕೇಳುವಂತೆ, "ಜೋರಾಗಿ ಹೇಳಿ, ನಂಗೆ ಕಿವಿ ಕೇಳಿಸಲ್ಲ" ಎಂದರು. ಮುಂದಿನ ಸಾಲಿನಲ್ಲಿ ಮಗಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಯಜಮಾನರು ಮುಂದುವರಿದರು. "ಇಲ್ಲಿಯ ನಲ್ಲಿ ಸೋರದಿದ್ರೆ ಅದು ನನ್ನ ಕೈಚಳಕ ಅಲ್ಲ. ನಮ್ಮ ಮೇಜಿನ ಚುಕ್ಕಿ ಅಕ್ಕನದು. ಸೋರಿದ್ರೆ ಮಾತ್ರ ನನ್ನನ್ನ ಕರೀರಿ, ಬರ್ತೀನಿ." ಅಷ್ಟೇ ಹೇಳಿ ಕೂತುಬಿಟ್ಟರು.

ಮರುದಿನ ಬೆಳಿಗ್ಗೆ ಕಾರ್ಖಾನೆಗೆ ಬಂದ ಯಜಮಾನರು ಸ್ಟೂಲಿನ ಮುಂದೆ ಒಂದು ಗಳಿಗೆ ನಿಂತರು. ಏಳಬೇಕಾದವರು ಕೂರುವುದು ಹೇಗೆ? ಅಷ್ಟರಲ್ಲಿ ಮಗಳು ಅಗಲವಾದ ಬೇಸಿನ್ನೊಂದರಲ್ಲಿ ನೀರು ತಂದು ಮೇಜಿನ ಮೇಲಿಟ್ಟಳು. ಹೊಸದಾಗಿ ಸೇರಿದವರು ನಲ್ಲಿಯನ್ನು ನೀರಿನಲ್ಲಿ ಮುಳುಗಿಸಿ, ಗಾಳಿ ಬಿಟ್ಟು, ಗುಳ್ಳೆ ನೋಡಿ ಕಲಿಯುವ ಬೇಸಿನ್ನು ಅದು. ಕಿವಿ ಪಳಗಿದವರು ಯಾರೂ ಅದನ್ನು ಮುಟ್ಟುತ್ತಿರಲಿಲ್ಲ.

"ಕಲಿಯೋರ ಬೇಸಿನ್ನು" ಎಂದರು ಯಜಮಾನರು.

"ಕಣ್ಣು ಚೆನ್ನಾಗಿದೆಯಲ್ಲ ಅಪ್ಪ" ಎಂದಳು ಮಗಳು.

ಅವರು ಕೂತರು. ತೋಳು ಮಡಿಸಿ ಮೊದಲನೆಯ ನಲ್ಲಿ ಮುಳುಗಿಸಿದರು. ಏನಿಲ್ಲ. ಎರಡನೆಯದು, ಏನಿಲ್ಲ. ಆರನೆಯದಕ್ಕೆ, ಹಿಡಿಯ ಬುಡದಿಂದ, ಒಂದು ಸಣ್ಣ ಗುಳ್ಳೆ ಎದ್ದು, ಅಂಟಿಕೊಂಡು, ಬಿಟ್ಟುಕೊಂಡು ಮೇಲೆ ಬಂದು ಒಡೆಯಿತು.

"ಅಗೋ!" ಎಂದು ಯಜಮಾನರು ಕಿರುಚಿದ ಸದ್ದಿಗೆ ಲೇತುಗಳೇ ನಿಂತವು. "ಸೋರ್ತಿದೆ! ಚುಕ್ಕಿ ಅಕ್ಕ, ನೋಡು ಬಾ, ಸೋರ್ತಿದೆ!" ಎರಡು ವರ್ಷದಲ್ಲಿ ಅವರು ಹಿಡಿದ ಮೊದಲ ಕೆಟ್ಟ ನಲ್ಲಿ ಅದು. ಅದನ್ನು ಎತ್ತಿ ಹಿಡಿದು, ತೋಳಿಗುಂಟ ನೀರು ಸುರಿಯುತ್ತಿದ್ದರೂ ಒರೆಸಿಕೊಳ್ಳದೆ, ಒಬ್ಬೊಬ್ಬರಿಗೂ ತೋರಿಸಿದರು. ಆಮೇಲೆ ಲೇತಿನವನ ಕಡೆ ತಿರುಗಿ ಎರಡು ವರ್ಷದ ಬಾಕಿಯನ್ನೆಲ್ಲ ಸೇರಿಸಿ ಬೈಯತೊಡಗಿದರು. ಅವನು ತಲೆ ತಗ್ಗಿಸಿಕೊಂಡು, ತುಟಿ ಕಚ್ಚಿ ನಗು ತಡೆದುಕೊಂಡು, ಪೂರ್ತಿ ಕೇಳಿಸಿಕೊಂಡ.