ತೂಬಿಲ್ಲದ ನೀರು

ಚಿಕ್ಕನಂಜಮ್ಮ ಮಂಗಳೂರಿಗೆ ಬಂದು ಇಳಿದವಳೇ ಮೊದಲು ಕೇಳಿದ್ದು ಬಾವಿ ಎಲ್ಲಿ ಅಂತ. ಶಾಲೆಯವರು ಗೊತ್ತುಮಾಡಿದ್ದ ಬಾಡಿಗೆ ಕೋಣೆಯ ಹಿಂದೆ ಕೆಂಪು ಕಲ್ಲಿನ ಬಾವಿಯಿತ್ತು. ಗಂಟನ್ನು ಮಗಳ ಕೈಗೆ ಕೊಟ್ಟು, ತಾನೇ ಒಂದು ಕೊಡ ಸೇದಿ, ಬೊಗಸೆಯಲ್ಲಿ ಕುಡಿದು, ಬಾಯಿ ಚಪ್ಪರಿಸಿದಳು.

"ತುಕ್ಕು ತುಕ್ಕು," ಅಂದಳು.

ಮಗಳು ದೇವಿರಮ್ಮ ಗಂಟನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡಳು. ಮೈಸೂರಿನಲ್ಲಿ ಕಾಲೇಜು ಮುಗಿಸಿದ ಅವಳಿಗೆ ಇಲ್ಲಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೇಡಮ್ಮಿನ ಕೆಲಸ ಸಿಕ್ಕಿತ್ತು. ಆದರೆ ಅಪ್ಪ ಲಿಂಗಯ್ಯ ತೀರ್ಮಾನವನ್ನು ಹೆಂಡತಿಗೆ ಬಿಟ್ಟಿದ್ದ. "ನಿಮ್ಮವ್ವ ಓಗಿ ನೋಡ್ಕಬರ್ಲಿ. ಅವಳು ಊಂ ಅಂದ್ರೆ ಇರು, ಉಹೂಂ ಅಂದ್ರೆ ಬಾ." ಅವರ ಕಡೆ ಹೆಣ್ಣು ಕೊಡುವ ಮೊದಲು ಮನೆಯ ಹೆಂಗಸರು ಆ ಊರಿಗೆ ಹೋಗಿ, ತಮ್ಮ ಕೈಯಾರೆ ನೀರು ಸೇದಿ ಕುಡಿದು ನೋಡುವುದು ವಾಡಿಕೆ. ಕೆಲಸಕ್ಕೆ ಕಳಿಸುವುದಕ್ಕೂ ಅದೇ ಲೆಕ್ಕ ಅಂತ ಅವ್ವ ಘಟ್ಟ ಇಳಿಯುವಾಗಲೇ ಹೇಳಿದ್ದಳು. ಸೋಮವಾರ ಬೆಳಗ್ಗೆ ಊರಿಗೆ ಮರಳುವ ಬಸ್ಸಿಗೆ ಒಬ್ಬಳು ಹತ್ತಬೇಕೋ ಇಬ್ಬರು ಹತ್ತಬೇಕೋ, ಅಷ್ಟರೊಳಗೆ ತಿಳಿಯಬೇಕು.

ಆ ಶನಿವಾರ ಸಂಜೆ ಇಬ್ಬರೂ ದೀಪಸ್ತಂಭದ ಗುಡ್ಡ ಹತ್ತಿದರು. ಯುದ್ಧದ ಕಾಲ, ಪೇಟೆಯಲ್ಲಿ ದೀಪಗಳು ಕಡಿಮೆ. ಕೆಳಗೆ ಹೆಂಚಿನ ಮಾಡುಗಳು, ಅದರಾಚೆ ತೆಂಗಿನ ತಲೆಗಳು, ಅದರಾಚೆ ಯಾರೋ ಆಕಾಶವನ್ನೇ ಮಡಿಸಿ ಹಾಸಿದ ಹಾಗೆ ಕಡಲು. ಸೂರ್ಯ ಅದರೊಳಗೆ ಇಳಿಯುವಾಗ ಸದ್ದೇ ಆಗಲಿಲ್ಲವಲ್ಲ ಎಂದು ದೇವಿರಮ್ಮನಿಗೆ ಅನಿಸಿತು. ಅವ್ವನಿಗೂ ಹಾಗೆ ಅನಿಸಿತೋ ಏನೋ ಎಂದು ತಿರುಗಿ ನೋಡಿದಳು.

"ಏರಿ ಎಲ್ಲದೆ ಅಮ್ಮಿ?" ಅಂದಳು ಚಿಕ್ಕನಂಜಮ್ಮ.

"ಕಡಲಿಗೆ ಏರಿ ಇರಲ್ಲ ಕಣವ್ವ."

"ಏರಿ ಇಲ್ದೆ ಇಷ್ಟು ನೀರು ನಿಂತ್ಕತದಾ? ಓದ್ದೋಳು ಅಂತ ನೀರುಗಂಟಿ ಎಂಡ್ರಿಗೇ ನೀರಿನ ಇಸ್ಯ ಏಳ್ಕೊಡ್ತೀಯಾ?"

ಲಿಂಗಯ್ಯ ಮೈಸೂರು ಸೀಮೆಯ ಕೊಪ್ಪದ ಕಡೆಯ ಕೆರೆಯೊಂದರ ನೀರುಗಂಟಿ. ಯಾವ ಗದ್ದೆಗೆ ಯಾವಾಗ ನೀರು ಎಂದು ತೂಬನ್ನು ಎತ್ತಿ ಇಳಿಸುವ ಕೆಲಸ ಅವನದು. ಅವನಿಗೆ ಜ್ವರ ಬಂದಾಗ ತೂಬಿಗೆ ಹೋಗುತ್ತಿದ್ದವಳು ಚಿಕ್ಕನಂಜಮ್ಮನೇ.

ಭಾನುವಾರ ಬಂದರಿನಲ್ಲಿ ದೋಣಿ ಹತ್ತಿ ನದಿಯಾಚೆಯ ಮರಳುದಿಣ್ಣೆಗೆ ಹೋದರು. ನದಿ ಒಂದು ಬದಿ, ಕಡಲು ಇನ್ನೊಂದು ಬದಿ, ನಡುವೆ ತೆಂಗು ಮತ್ತು ಬೆಸ್ತರ ಗುಡಿಸಲು. ಚಿಕ್ಕನಂಜಮ್ಮ ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. "ಬಿಡಿ ಅಮ್ಮ, ನೀವು ಹಿಡಿದರೆ ದೋಣಿಯೇನು ನಿಲ್ಲುದಿಲ್ಲ," ಎಂದು ಅಂಬಿಗ ನಕ್ಕ. "ನಿಲ್ಲಾಕಲ್ಲ ಕಣಪ್ಪ, ಬೀಳದಿರಾಕೆ," ಅಂದಳು ಅವಳು.

ಅವರು ಮರಳಿಗೆ ಇಳಿದ ಹೊತ್ತಿಗೆ ಕಡಲು ಹಿಂದೆ ಸರಿಯುತ್ತಿತ್ತು. ಬಿಟ್ಟುಹೋದ ಜಾಗ ಒದ್ದೆಯಾಗಿ, ನಯವಾಗಿ, ಹೊಸದಾಗಿ ಸಾರಿಸಿದ ಅಂಗಳದಂತೆ ಮಿನುಗುತ್ತಿತ್ತು. ಚಿಕ್ಕನಂಜಮ್ಮ ಬಹಳ ಹೊತ್ತು ನೋಡಿ, ತಿಳಿದವಳಂತೆ ತಲೆಯಾಡಿಸಿದಳು.

"ತೂಬು ಮುಚ್ಚವ್ರೆ. ಬಿಸಿಲಿನ ಒತ್ನಲ್ಲಿ ಮುಚ್ಚೋದೇ ಸರಿ."

ತೂಬು ಒಮ್ಮೆ ಮುಚ್ಚಿದರೆ ಮುಂದಿನ ಸರದಿಯವರೆಗೆ ನೀರು ಬಾರದು. ಹುಟ್ಟಿದಾಗಿನಿಂದ ಅವಳು ಕಂಡಿದ್ದು ಅದೇ. ಆ ನಂಬಿಕೆಯಿಂದಲೇ ರಾಗಿರೊಟ್ಟಿಯ ಗಂಟು, ತಾಮ್ರದ ಚೊಂಬು, ಇಬ್ಬರ ಮೆಟ್ಟು, ಎಲ್ಲವನ್ನೂ ತಂಪಾಗಿರಲಿ ಎಂದು ಆ ಒದ್ದೆ ಮರಳ ಮೇಲೆ ಸಾಲಾಗಿ ಜೋಡಿಸಿಟ್ಟಳು. ದೇವಿರಮ್ಮನಿಗೆ ಉಬ್ಬರ ಇಳಿತದ ಪಾಠ ಗೊತ್ತಿತ್ತು. ಹೇಳಿದರೆ ಅವ್ವ ಮುನಿಸಿಕೊಂಡಾಳು, ಮುನಿಸಿಕೊಂಡರೆ ಉಹೂಂ ಅಂದಾಳು ಎಂದು ನಾಲಿಗೆ ಕಚ್ಚಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ತಾನೇ ಎತ್ತಿಟ್ಟರಾಯಿತು.

ತೆಂಗಿನ ನೆರಳಲ್ಲಿ ಇಬ್ಬರೂ ಒರಗಿದರು. ಗಾಳಿ ಮುಖದ ಮೇಲೆ ಒದ್ದೆ ಸೆರಗಿನಂತೆ ಬಂದು ಹೋಗುತ್ತಿತ್ತು. ಅಲೆಗಳ ಸದ್ದು ಒಂದೇ ಸಮ; ದೂರದಲ್ಲಿ ಯಾರೋ ಬತ್ತ ಕೇರುತ್ತಿರುವ ಹಾಗೆ. ದೇವಿರಮ್ಮನ ಕಣ್ಣು ತಾನಾಗಿ ಮುಚ್ಚಿತು. ನಿದ್ದೆಯಲ್ಲೋ ಎಚ್ಚರದಲ್ಲೋ, ಅವಳು ಒಂದು ಬಿಳಿಯ ಬಯಲಿನಲ್ಲಿ ನಡೆಯುತ್ತಿದ್ದಳು. ಪುಟ್ಟ ಹುಡುಗಿಯರು ಸಾಲಾಗಿ ಹಿಂದೆ ಬರುತ್ತಿದ್ದರು. ಯಾರ ಕಾಲೂ ನೆಲಕ್ಕೆ ತಾಗುತ್ತಿರಲಿಲ್ಲ. ಮುಂದೆ ಏನಿದೆ ಎಂದು ಅವರು ಕೇಳುತ್ತಿದ್ದರು. ಅವಳಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲದ್ದಕ್ಕೆ ಭಯವೂ ಇರಲಿಲ್ಲ.

"ಯಾವನ್ಲಾ ಅದು ಮಡೆ ಕಡ್ದೋನು!"

ದೇವಿರಮ್ಮ ಬೆಚ್ಚಿ ಎದ್ದಳು. ಅವ್ವ ಕಚ್ಚೆ ಕಟ್ಟಿಕೊಂಡು ಕಡಲಿಗೆ ನುಗ್ಗುತ್ತಿದ್ದಳು. ರೊಟ್ಟಿಯ ಗಂಟು ಬಾತುಕೋಳಿಯಂತೆ ತೇಲುತ್ತ ಹೋಗುತ್ತಿತ್ತು. "ಕದ್ದು ನೀರು ಬುಡ್ತೀಯೇನ್ಲಾ? ಯಾರ ಸರದಿಲಾ ಇದು?" ಎಂದು, ಬೇರೆಯವರ ಸರದಿಯಲ್ಲಿ ಕಾಲುವೆಯ ಮಡೆ ಕಡಿದು ತನ್ನ ಗದ್ದೆಗೆ ನೀರು ತಿರುಗಿಸಿಕೊಂಡವನನ್ನು ಬೈಯುವ ಹಾಗೆಯೇ ಅವಳು ಅಲೆಯನ್ನು ಬೈಯುತ್ತಿದ್ದಳು. ಅಲೆ ಎದ್ದು ಅವಳನ್ನು ಕೆಡವಿತು. ಓಡಿಬಂದು ರಟ್ಟೆ ಹಿಡಿದ ಮಗಳನ್ನು ಮತ್ತೊಂದು ಅಲೆ ಕೆಡವಿತು. ಇಬ್ಬರೂ ಬಾಯಿ ತುಂಬ ಉಪ್ಪು ಕುಡಿದು, ಕೆಮ್ಮುತ್ತ, ತೆವಳುತ್ತ ದಡಕ್ಕೆ ಬಂದು ಬಿದ್ದರು. ಮೆಟ್ಟು ಹೋಯಿತು, ಚೊಂಬೂ ಹೋಯಿತು.

ಮುಗಿಯಿತು, ಅಂದುಕೊಂಡಳು ದೇವಿರಮ್ಮ. ಅವ್ವ ಈ ಊರಿನ ನೀರು ಕುಡಿದಾಯಿತು. ಇನ್ನು ಕೇಳುವುದೇನಿದೆ?

ಬಲೆ ಹರಡುತ್ತಿದ್ದ ಬೆಸ್ತರ ಹೆಂಗಸೊಬ್ಬಳು ನಗು ತಡೆಯಲಾರದೆ ಹತ್ತಿರ ಬಂದಳು. "ನೀರು ಏರುವ ಹೊತ್ತಲ್ಲಿ ಅಲ್ಲಿ ಇಡುದಾ ಮಾರಾಯ್ತಿ? ಬನ್ನಿ, ಬಾಯಿ ತೊಳೆದುಕೊಳ್ಳಿ." ಅವಳು ಕರೆದುಕೊಂಡು ಹೋದದ್ದು ತೆಂಗಿನ ಬುಡದಲ್ಲಿ ಮರಳಿನಲ್ಲೇ ತೋಡಿದ ಮೊಣಕಾಲುದ್ದದ ಒಂದು ಗುಂಡಿಗೆ. ಬಾಗಿ, ಕರಟದಲ್ಲಿ ತಿಳಿನೀರು ಮೊಗೆದು ಚಿಕ್ಕನಂಜಮ್ಮನ ಕೈಗೆ ಕೊಟ್ಟು, ತನ್ನ ಬಲೆಯ ಕಡೆಗೆ ಹೋದಳು.

ದೇವಿರಮ್ಮ ಅವ್ವನ ಮುಖವನ್ನೇ ನೋಡಿದಳು. ಅವ್ವ ಕುಡಿಯಲಿಲ್ಲ. ಕರಟವನ್ನು ಮಗಳತ್ತ ಚಾಚಿದಳು.

"ನೀನು ಕುಡಿ."

"ನೀನು ಮೊದಲು ನೋಡವ್ವ."

"ನಿನ್ನೆಯಿಂದ ನನ್ ಮಕಾನೇ ನೋಡ್ತಾ ಕುಂತಿದ್ದೀಯಲ್ಲ, ನನ್ ಮಕದಾಗೇನು ಬರ್ದದಾ? ತೂಬಿಲ್ದೆ ನೀರು ಬರ್ತದೆ ಅಂತ ನಿಂಗೆ ಗೊತ್ತಿತ್ತು. ಬಾಯಿ ಬುಟ್ಟು ಏಳ್ನಿಲ್ಲ. ಗೊತ್ತಿತ್ತೋ ಇಲ್ವೋ?"

"ಗೊತ್ತಿತ್ತು."

"ಮೇಡಮ್ಮು ಅಂತೆ! ಆ ಐಕಳಿಗೂ ಇಂಗೇ ಪಾಟ ಮಾಡ್ತೀಯಾ, ಅವರಮ್ಮಂದಿರ ಮಕ ನೋಡ್ಕಂಡು?" ಚಿಕ್ಕನಂಜಮ್ಮ ಒದ್ದೆ ಮರಳ ಮೇಲೆ ಕುಕ್ಕರಿಸಿದಳು. "ಇಲ್ಲಿ ಇರೋಳು ನಾನಲ್ಲ ಕಣಮ್ಮಿ, ನೀನು. ಕುಡ್ದು ನೀನೇ ಏಳು."

ದೇವಿರಮ್ಮ ಕರಟ ಎತ್ತಿದಳು. ನೀರು ತಣ್ಣಗಿತ್ತು. ಬಾಯಲ್ಲಿ ಇನ್ನೂ ಉಪ್ಪು. ಸಿಹಿಯೋ ಸಪ್ಪೆಯೋ ಮೊದಲ ಗುಟುಕಿಗೆ ತಿಳಿಯಲಿಲ್ಲ, ಎರಡನೆಯದಕ್ಕೂ ತಿಳಿಯಲಿಲ್ಲ. ಆದರೂ ಹೇಳಬೇಕಾದ ಮಾತು ಅದಕ್ಕಾಗಿ ಕಾಯುತ್ತಿಲ್ಲ ಅನ್ನುವುದು ಮಾತ್ರ ಸ್ಪಷ್ಟವಾಗಿ ತಿಳಿಯಿತು.

"ಇರ್ತೀನಿ ಕಣವ್ವ," ಅಂದಳು. "ನೀರು ಹೆಂಗಾದರೂ ಇರಲಿ. ನಂಗೆ ಇಲ್ಲಿರೋಕೆ ಇಷ್ಟ."

ಚಿಕ್ಕನಂಜಮ್ಮ ಮಗಳ ಕೈಯಿಂದ ಕರಟ ತೆಗೆದುಕೊಂಡು ಉಳಿದದ್ದನ್ನು ಕುಡಿದಳು. ಸೆರಗು ಹಿಂಡಿದಳು. ಮತ್ತೆ ಹಿಂಡಿದಳು. ಒಂದು ದೊಡ್ಡ ಅಲೆ ಎಲ್ಲೋ ಒಡೆದು, ಅದರ ಸದ್ದು ಮರಳೊಳಗಿಂದ ಅವರ ಅಂಗಾಲಿಗೆ ಬಂತು.

"ನಿಮ್ಮಪ್ಪನಿಗೆ ನೀರು ಪಸಂದಾಗೇ ಅದೆ ಅಂತ ಏಳ್ತೀನಿ," ಅಂದಳು ಕೊನೆಗೆ. "ತಾನಾಗೇ ಬರ್ತದೆ, ತಾನಾಗೇ ಓಯ್ತದೆ, ಯಾರೂ ಕಾಯಂಗಿಲ್ಲ ಅಂತ ಮಾತ್ರ ಏಳಾಕಿಲ್ಲ. ಆ ಮನುಸ ತೂಬು ಬುಟ್ಟು ನೋಡಾಕೆ ಬಂದ್‌ಬುಡ್ತಾನೆ."