ಎವಾಂಥಿಯಾಳ ಒಗೆಯುವ ಕಲ್ಲು

ನೀರಿನ ಪೈಪು ಒಡೆದಿದ್ದರಿಂದ ಕೊಳಾಯಿ ಕೆಲಸದ ಪಾಂಡೆಲಿಸ್ ಅಂಗಳದ ಒಗೆಯುವ ಕಲ್ಲನ್ನು ಹಾರೆಯಿಂದ ಮೀಟಿ ಎಬ್ಬಿಸಿ ಮಗುಚಿದ. ಕಲ್ಲಿನ ಅಡಿಮುಖದಲ್ಲಿ ಚೌಕ ಚೌಕವಾದ ಹೀಬ್ರೂ ಅಕ್ಷರಗಳಿದ್ದವು. ಅದೇನೆಂದು ಥೆಸಲೋನಿಕಿಯಲ್ಲಿ ಹುಟ್ಟಿ ಬೆಳೆದ ಎವಾಂಥಿಯಾಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಯುದ್ಧಕಾಲದಲ್ಲಿ ಯಹೂದಿಗಳ ಸ್ಮಶಾನ ಅಗೆದುಹಾಕಿದಾಗ ಊರಿಗೆ ಊರೇ ಗೋರಿಕಲ್ಲು ಹೊತ್ತು ತಂದಿತ್ತು. ಸ್ಮಿರ್ನಾದಿಂದ ನಿರಾಶ್ರಿತಳಾಗಿ ಬರಿಗೈಯಲ್ಲಿ ಬಂದು ಹಡಗಿಳಿದಿದ್ದ ಅವಳ ಅತ್ತೆಯೂ ಒಂದನ್ನು ತಂದು, ಬರಹವಿದ್ದ ಮುಖವನ್ನು ಮಣ್ಣಿಗೆ ಮಾಡಿ ಹಾಸಿದ್ದಳು. ಅದರ ಮೇಲೆ ಎವಾಂಥಿಯಾ ನಲವತ್ತು ವರ್ಷ ಮಕ್ಕಳ ಚಡ್ಡಿ ಕುಕ್ಕಿದ್ದಳು.

"ಮೊದಲಿನ ಹಾಗೇ ಮಗುಚಿ ಹಾಕ್ಬಿಡ್ತೀನಮ್ಮಾ. ಯಾರಿಗ್ ಗೊತ್ತಾಗತ್ತೆ?"

"ನಂಗ್ ಗೊತ್ತಾಯ್ತಲ್ಲ! ಮುಟ್ಬೇಡ. ವಾಪಸ್ ಕೊಟ್ಟೇ ತೀರ್ತೀನಿ."

ಕೊಡುವುದು ಇಷ್ಟು ಕಷ್ಟವೆಂದು ಯಾರಿಗೆ ಗೊತ್ತಿತ್ತು? ಒಂದು ಕಚೇರಿಯಲ್ಲಿ ಕಲ್ಲು ತಾವು ತೆಗೆದುಕೊಳ್ಳುವಷ್ಟು ಹಳೆಯದಲ್ಲ ಎಂದರು. ಇನ್ನೊಂದರಲ್ಲಿ ತೀರಾ ಹಳೆಯದು, ತೀರ್ಮಾನವಾಗುವವರೆಗೆ ಕದಲಿಸಬೇಡಿ ಎಂದರು. ಕಲ್ಲು ಒಡೆದ ಪೈಪಿನ ಮೇಲೇ ಬಿದ್ದಿದ್ದರಿಂದ ಮೂರು ವಾರ ಪಕ್ಕದ ಮನೆಯ ಅಗ್ಲಾಯಿಯಾಳ ಕೊಳಾಯಿಯಿಂದ ನೀರು ಹೊತ್ತಿದ್ದಾಯಿತು.

"ಯಾರೋ ಸತ್ತೋರಿಗೆ ಇಷ್ಟ್ ಓಡಾಡ್ತೀಯಲ್ಲೇ, ನಿನ್ ಗಂಡನ ಗೋರಿಗೆ ಹೋಗಿ ಎಷ್ಟ್ ದಿನ ಆಯ್ತು?" ಎಂದು ಅಗ್ಲಾಯಿಯಾ ಚುಚ್ಚಿದಳು.

ಕೊನೆಗೆ ಯಹೂದಿ ಸಮುದಾಯದ ಮೆಂತೆಸ್ ಎಂಬ ಮುದುಕ ಬಂದ. ಮೊಣಕಾಲೂರಿ ಕೂತು, ಒದ್ದೆ ಬಟ್ಟೆಯಲ್ಲಿ ಮಣ್ಣು ಒರೆಸಿ ಓದಿದ.

"ರಾಕೆಲ್ ಅಂತ. ಹತ್ತೊಂಬತ್ತು ವರ್ಷ. ಹೆರಿಗೇಲಿ ಹೋಗಿದಾಳೆ."

"ಮನೆಯೋರು?"

"ಆ ಮನೆತನದೋರು ಈಗ ಊರಲ್ಲಿ ಯಾರೂ ಇಲ್ಲ. ಜರ್ಮನ್ನರು ಎಲ್ರನ್ನೂ ರೈಲಲ್ಲಿ ತುಂಬಿ ಸಾಯೋಕೆ ಕಳಿಸಿದ್ರಲ್ಲ."

"ಹಾಗಾದ್ರೆ ನೀವೇ ತಗೊಂಡ್ಹೋಗಿ. ಇವತ್ತೇ."

"ಲಾರಿ ಬೇಕಮ್ಮಾ, ಕಾಗದ ಬೇಕು. ಇಂಥವು ಇನ್ನೂ ಅರವತ್ತು ಪಟ್ಟೀಲಿವೆ. ಬೇಸಿಗೆ ಕಳೀಲಿ."

"ಹೊತ್ಕೊಂಡ್ ಬರೋವಾಗ ಯಾರೂ ಕಾಗದ ಕೇಳ್ಲಿಲ್ಲವಲ್ಲ ಮೆಂತೆಸ್!"

ಮೆಂತೆಸ್ ಬಟ್ಟೆ ಹಿಂಡಿ ಅವಳ ಕೈಗೆ ಕೊಟ್ಟು ಹೋದ.

ಮರುದಿನ ಅವಳು ಪಾಂಡೆಲಿಸನನ್ನು ಕರೆಸಿದಳು. "ಕಲ್ಲು ಇದ್ದಲ್ಲೇ ಇರ್ಲಿ. ಪೈಪನ್ನ ಅಡುಗೆಮನೆ ಗೋಡೆ ಕಡೆಯಿಂದ ಸುತ್ತಿಸಿ ತಾ."

"ತಲೆ ನೆಟ್ಟಗಿದೆಯಾ? ಗೋಡೆ ಒಡೀಬೇಕಾಗತ್ತೆ!"

"ಒಡಿ."

ಮೊದಲ ಏಟಿಗೇ ಗೋಡೆಗೂಡಿನಲ್ಲಿದ್ದ ದೊಡ್ಡ ಪಿಂಗಾಣಿ ತಟ್ಟೆ ಬಿದ್ದು ಚೂರಾಯಿತು. ಎವಾಂಥಿಯಾಳ ಬಾಯಿಂದ ಬಂದ ಬೈಗುಳ ಓಣಿಯ ತುದಿಯವರೆಗೂ ಕೇಳಿಸಿತು. ತನಗೇ ಎಂದುಕೊಂಡು ಪಾಂಡೆಲಿಸ್ ಸುತ್ತಿಗೆ ಕೆಳಗಿಟ್ಟ.

"ನಿನಗಲ್ವೋ, ಕಲ್ಲು ಹೊತ್ಕೊಂಡ್ ಬಂದೋರಿಗೆ," ಎಂದಳು. "ನೀನು ಒಡಿ."