ಮೂರನೇ ಮೋಲ್ಡ್

"ಕಾರು ತೆಗೀರಿ ಅನ್ನಕ್ಕೆ ನಾನು ಹೋಗಲ್ಲ ಕಣ್ರವ್ವ. ನೀವೇ ಹೋಗಿ ಹೇಳಿ," ಎಂದ ಮೇಸ್ತ್ರಿ ಪುಟ್ಟಸ್ವಾಮಿ.

ಬೀದಿಯ ಬಾಯಲ್ಲಿ ಜಲ್ಲಿ ಲಾರಿ ಇಂಜಿನ್ ಆರಿಸದೆ ನಿಂತಿತ್ತು. ಅದರ ಹಿಂದೆ ಕಾಂಕ್ರೀಟ್ ಮಿಕ್ಸರ್ ಎಳೆದು ತಂದ ಟ್ರ್ಯಾಕ್ಟರು. ದಿನವೂ ಗೇಟಿನೊಳಗಿರುತ್ತಿದ್ದ, ಬೀದಿಯ ಹಿರಿಯ ಷಡಕ್ಷರಪ್ಪನವರ ಬಿಳಿ ಕಾರು ಅವತ್ತು ಬೀದಿಗೆ ಅಡ್ಡವಾಗಿತ್ತು. ಪುಷ್ಪಲತಾ ಆಕಾಶ ನೋಡಿದಳು. ಮಾಲೇಕಲ್ಲು ಬೆಟ್ಟದ ಕಡೆಯಿಂದ ಮೋಡ ಏರುತ್ತಿತ್ತು. ಆಳುಗಳು ಬಾಂಡ್ಲಿಗಳನ್ನು ಬೋರಲು ಹಾಕಿ ಅವುಗಳ ಮೇಲೆ ಕೂತು ಟೀ ಕುಡಿಯುತ್ತಿದ್ದರು.

ಸೈಟು ಅವಳ ತಂದೆ ಅವಳಿಗೆಂದು ಬಿಟ್ಟುಹೋದದ್ದು. ಅರಸೀಕೆರೆ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ. ಮೂರು ಅಂತಸ್ತು, ಒಂದೊಂದರಲ್ಲಿ ಎರಡೆರಡು ಸಣ್ಣ ಮನೆ. ಆರನ್ನೂ ಬಾಡಿಗೆಗೆ ಕೊಡುವುದು ಅವಳ ಯೋಜನೆ. ಗಂಡ ಚನ್ನೇಶ್‌ಗೆ ಕೊಬ್ಬರಿ ಮಂಡಿಯಿಂದ ಬಿಡುವಿರಲಿಲ್ಲ. ಪ್ಲಾನಿಗೆ ಓಡಾಡಿದ್ದು, ಚರಂಡಿಯ ಪೈಪಿಗಾಗಿ ಪಕ್ಕದವರೊಂದಿಗೆ ಜಗಳವಾಡಿದ್ದು, ಕರೆಂಟಿನ ಮೀಟರುಗಳಿಗೆ ಕಾದದ್ದು ಎಲ್ಲ ಅವಳೇ. ನೆಲಮಹಡಿ ಮುಗಿದು ಬಣ್ಣವೂ ಆಗಿತ್ತು. ಇವತ್ತು ಮೊದಲ ಮಹಡಿಯ ತಾರಸಿಗೆ ಕಾಂಕ್ರೀಟು, ಎರಡನೇ ಮೋಲ್ಡ್. ಮೂರನೆಯದೊಂದು ಬಾಕಿ.

ಷಡಕ್ಷರಪ್ಪನವರು ಜಗಲಿಯ ಮೇಲೆ ಕೂತಿದ್ದರು. ಬೀದಿಯ ಮೂರ್ನಾಲ್ಕು ಯಜಮಾನರು ಪಕ್ಕದಲ್ಲಿದ್ದರು. ಅವರೆಲ್ಲ ಅವಳ ತಂದೆಯ ಜೊತೆ ಮಂಡಿಗೆ ಹೋಗಿಬಂದವರು.

"ದೊಡ್ಡಪ್ಪ, ಕಾರು ಒಂಚೂರು ತೆಗೆಸಿ. ಮಳೆ ಬಂದ್ರೆ ಕೆಲಸ ಕೆಡುತ್ತೆ."

"ತೆಗೆಸ್ತೀನಿ, ಅದೇನು ದೊಡ್ಡದಲ್ಲ. ಕೆಳಗಿನ ಮನೆ ಯಾರಿಗೆ ಕೊಟ್ಟೆ ಪುಷ್ಪಾ?"

"ರೈಲ್ವೆ ಟಿಕೆಟ್ ಕೌಂಟರ್ನಲ್ಲಿ ಕೆಲಸ ಮಾಡೋ ಹುಡುಗಿ. ಶಿಲ್ಪಶ್ರೀ ಅಂತ. ಅರೇಹಳ್ಳಿ ಕಡೆಯವಳು."

"ಯಾವ ಜನ ಅಂತ ಕೇಳಿದ್ಯಾ?"

ಕೇಳುವ ಮೊದಲೇ ಆ ಹುಡುಗಿ ಹೇಳಿದ್ದಳು. "ನಾವು ಎಸ್ಸಿ, ಆಂಟಿ. ಮನೆ ನೋಡಿ ಆಸೆಪಟ್ಟ ಮೇಲೆ ಇಲ್ಲ ಅನ್ಸಿಕೊಳ್ಳೋದು ಬೇಡ ಅಂತ ಮೊದಲೇ ಹೇಳ್ತಿದೀನಿ." ಪುಷ್ಪಲತಾ ಆಗ ನಕ್ಕು, "ಮನೆ ಖಾಲಿ ಐತೆ, ಬಾ," ಎಂದಿದ್ದಳು. ಈಗ ತಿರುಗಿ ಲಾರಿಯ ಕಡೆ ನೋಡಿದಳು.

"ನನಗೇನಿಲ್ಲ ಕಣಮ್ಮ," ಎಂದರು ಷಡಕ್ಷರಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. "ಇದು ಮಠಕ್ಕೆ ನಡ್ಕೊಳ್ಳೋರ ಬೀದಿ. ನಿಮ್ಮಪ್ಪನೂ ಇಲ್ಲೇ ಬಾಳಿದ್ದು. ನಮ್ಮೋರಿಗೇ ಕೊಡ್ತೀನಿ ಅಂತ ಇವರ ಮುಂದೆ ಒಂದು ಮಾತು ಹೇಳಿಬಿಡು, ಸಾಕು."

ಅವಳು ಪಕ್ಕಕ್ಕೆ ಹೋಗಿ ಚನ್ನೇಶನಿಗೆ ಫೋನು ಮಾಡಿದಳು. ಹಿಂದೆ ಮಂಡಿಯ ಗದ್ದಲ. "ಹೂಂ ಅಂದ್ಬಿಡೇ. ಮೊದಲು ಮೋಲ್ಡ್ ಆಗ್ಲಿ, ಆಮೇಲೆ ನೋಡ್ಕೊಳ್ಳೋಣ," ಎಂದು ಇಟ್ಟುಬಿಟ್ಟ.

ತೋಳಿನ ಮೇಲೆ ಒಂದು ಹನಿ ಬಿತ್ತು. ಲಾರಿಯವನು ಹಾರನ್ ಒತ್ತಿದ.

"ಆಯ್ತು ದೊಡ್ಡಪ್ಪ. ನಮ್ಮೋರಿಗೇ ಕೊಡ್ತೀನಿ."

ಕಾರು ಸರಿಯಿತು. ಮಳೆ ಆ ಹನಿಗೇ ನಿಂತಿತು. ದಿನವಿಡೀ ಮಿಕ್ಸರ್ ತಿರುಗಿತು. ಪುಷ್ಪಲತಾ ಕೂತಲ್ಲಿ ಕೂರಲಿಲ್ಲ. ಏಣಿ ಹತ್ತಿದಳು, ಇಳಿದಳು, ಆಳುಗಳಿಗೆ ಊಟ ಬಡಿಸುತ್ತ ಒಬ್ಬಳಿಗೆ ಸಾರಿನ ಬದಲು ಮಜ್ಜಿಗೆ ಸುರಿದಳು.

ಸಂಜೆ ಕೌಂಟರಿಗೆ ಹೋಗುವ ದಾರಿಯಲ್ಲಿ ಶಿಲ್ಪಶ್ರೀ ಬಂದಳು. ಬ್ಯಾಗಿನಿಂದ ಟೇಪು ತೆಗೆದು ಕೆಳಗಿನ ಮನೆಯ ಕಿಟಕಿ ಅಳೆಯತೊಡಗಿದಳು.

"ಅಮ್ಮ ಪರದೆ ಹೊಲೀತೀನಿ ಅಂತಿದಾರೆ. ಇಲ್ಲೊಂದು ಮೊಳೆ ಹೊಡ್ಕೋಬಹುದಾ ಆಂಟಿ?"

"ಶಿಲ್ಪಾ, ಒಂದ್ನಿಮಿಷ ತಡಿ. ಬೆಳಿಗ್ಗೆ ಏನಾಯ್ತು ಅಂದ್ರೆ..."

ಹುಡುಗಿಯ ಕೈ ಕಿಟಕಿಯ ಮೇಲೇ ನಿಂತಿತು. "ಬೀದಿಯೋರು ಏನಾದ್ರೂ ಅಂದ್ರಾ?"

"ಹೂಂ."

"ನೀವೇನಂದ್ರಿ?"

ಪುಷ್ಪಲತಾ ಸೆರಗಿಗೆ ಹತ್ತಿದ್ದ ಸಿಮೆಂಟು ಕೊಡವಿದಳು. ಶಿಲ್ಪಶ್ರೀ ಟೇಪು ಸುತ್ತಿ ಬ್ಯಾಗಿಗೆ ಹಾಕಿದಳು. "ಪರವಾಗಿಲ್ಲ ಆಂಟಿ, ಬೇರೆ ಕಡೆ ನೋಡ್ತೀನಿ. ನೀವು ಬೇಜಾರು ಮಾಡ್ಕೋಬೇಡಿ." ಚಪ್ಪಲಿ ಮೆಟ್ಟಿ ಹೊರಟಳು. ಕಟ್ಟಡಕ್ಕೆ ಅಡ್ಡಲಾಗಿ ಬಿದ್ದಿದ್ದ ಬಿದಿರಿನ ಗಳುಗಳನ್ನು ದಾಟಿ, ತಿರುಗಿ ನೋಡದೆ ಹೋದಳು.

ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಪುಷ್ಪಲತಾಗೆ. ಖಾಲಿ ಮನೆಯೊಳಗೆ ಸುತ್ತಿದಳು. ಅಡುಗೆಮನೆಯ ನಲ್ಲಿ ತಿರುಗಿಸಿದಳು, ನಿಲ್ಲಿಸಿದಳು. ಲೈಟು ಹಾಕಿದಳು, ಆರಿಸಿದಳು. ಕೊನೆಗೆ ಬಾಗಿಲೆಳೆದುಕೊಂಡು ಷಡಕ್ಷರಪ್ಪನವರ ಮನೆಗೆ ಹೋದಳು. ಅವರು ಉಪ್ಪಿಟ್ಟು ತಿನ್ನುತ್ತಿದ್ದರು. ಹೆಂಡತಿ ಸುಮಿತ್ರಮ್ಮ ಬಡಿಸುತ್ತಿದ್ದರು.

"ದೊಡ್ಡಪ್ಪ, ಬೆಳಿಗ್ಗೆ ನಾನು ಒಪ್ಕೊಂಡಿದ್ದು ಕಾರು ತೆಗೀಲಿ ಅಂತ ಅಷ್ಟೆ. ಆ ಮಾತು ನಡೆಸಕ್ಕೆ ನನ್ನ ಕೈಲಾಗಲ್ಲ. ಮನೆ ಆ ಹುಡುಗಿಗೇ ಕೊಡ್ತೀನಿ."

ಷಡಕ್ಷರಪ್ಪ ಚಮಚ ಕೆಳಗಿಟ್ಟರು. "ಇನ್ನೊಂದು ಮೋಲ್ಡ್ ಐತಲ್ಲ ನಿಂದು? ಲಾರಿ ಯಾವ ಕಡೆಯಿಂದ ಬತ್ತದೆ?"

"ಲಾರಿ ಬರದಿದ್ರೆ ಆಳುಗಳ ತಲೆ ಮೇಲೆ ಹೊರಿಸ್ತೀನಿ."

"ಯೋಚನೆ ಮಾಡಮ್ಮ. ಒಳ್ಳೆಯದಕ್ಕೆ ಹೇಳ್ತಿರೋದು."

ಸುಮಿತ್ರಮ್ಮ, "ಉಪ್ಪಿಟ್ಟು ತಿಂತೀಯೇನೇ?" ಎಂದರು. ಗಂಡ ತಲೆಯೆತ್ತಿ ನೋಡಿದ್ದಕ್ಕೆ ಪಾತ್ರೆಯ ಮುಚ್ಚಳ ಮುಚ್ಚಿದರು.

ಪುಷ್ಪಲತಾ ಅಲ್ಲಿಂದ ನೇರ ಸ್ಟೇಷನ್ನಿಗೆ ನಡೆದಳು. ಕೌಂಟರಿನ ಮುಂದೆ ಉದ್ದ ಸಾಲು. ಸರದಿ ಬಂದಾಗ ಗಾಜಿನಾಚೆ ಶಿಲ್ಪಶ್ರೀ ತಲೆಯೆತ್ತದೆ, "ಎಲ್ಲಿಗೆ?" ಎಂದಳು.

"ಎಲ್ಲಿಗೂ ಇಲ್ಲ. ಮನೆ ನಿಂದೇ. ಬೆಳಿಗ್ಗೆ ನಾನು ಹೆದರಿಕೊಂಡು ಹೂಂ ಅಂದಿದ್ದೆ. ಈಗ ಹೋಗಿ ಇಲ್ಲ ಅಂತ ಹೇಳಿ ಬಂದೆ. ಬೀದಿಯೋರು ಸುಮ್ನಿರಲ್ಲ, ಅದೂ ಗೊತ್ತಿರಲಿ."

ಶಿಲ್ಪಶ್ರೀ ಅವಳನ್ನು ನೋಡಿದಳು. ಹಿಂದಿನವನೊಬ್ಬ, "ಬೇಗ ಬೇಗ, ಬೆಂಗಳೂರು ಗಾಡಿ ಬಂತು," ಎಂದ.

"ಜನ ಕಾಯ್ತಿದಾರೆ ಆಂಟಿ," ಎಂದಳಷ್ಟೆ.

ಭಾನುವಾರ ಒಂದು ಲಗೇಜ್ ಆಟೋ ಬಂದು ನಿಂತಿತು. ಮಂಚ, ಮಿಕ್ಸಿಯ ಡಬ್ಬ, ಹೊಲಿಗೆ ಮೆಷಿನ್ ಇಳಿದವು. ಮೆಷಿನ್ನಿನ ಹಿಂದೆ ಶಿಲ್ಪಶ್ರೀಯ ತಾಯಿ ಇಳಿದರು. ಬೀದಿಯ ಎರಡು ಬಾಗಿಲು ಮುಚ್ಚಿಕೊಂಡವು. ಚನ್ನೇಶ್ ಒಂದು ವಾರ ಹೆಂಡತಿಯೊಡನೆ ಸರಿಯಾಗಿ ಮಾತಾಡಲಿಲ್ಲ. ಬಾಡಿಗೆಗೆಂದು ಇನ್ನೊಂದು ಮನೆಯನ್ನು ನೋಡಿಹೋಗಿದ್ದ ಸ್ವಂತ ಬಳಗದವರು ಫೋನು ಎತ್ತಲಿಲ್ಲ.

ಮೂರನೇ ಮೋಲ್ಡಿನ ದಿನ ಕಾರು ಮತ್ತೆ ಬೀದಿಗೆ ಅಡ್ಡ ನಿಂತಿತು. ಪುಷ್ಪಲತಾ ಈ ಸಲ ಜಗಲಿಯತ್ತ ಹೋಗಲಿಲ್ಲ. ಮಿಕ್ಸರನ್ನು ಮೇನ್ ರೋಡಿನಲ್ಲೇ ನಿಲ್ಲಿಸಿ, ಆಳುಗಳನ್ನು ಎರಡರಷ್ಟು ಕರೆಸಿದ್ದಳು. "ನಡೀರಿ ನಡೀರಿ, ಕಾಂಕ್ರೀಟ್ ಗಟ್ಟಿಯಾಗ್ತದೆ," ಎಂದು ಪುಟ್ಟಸ್ವಾಮಿ ಕೂಗುತ್ತಿದ್ದ. ಬಾಂಡ್ಲಿ ಹೊತ್ತ ಹೆಂಗಸರು ಕಾರಿಗೂ ಷಡಕ್ಷರಪ್ಪನವರ ಗೋಡೆಗೂ ನಡುವಿನ ಸಂದಿಯಲ್ಲಿ ಒಬ್ಬರ ಹಿಂದೊಬ್ಬರು ಹೊರಟರು.

ಆ ಸಂದಿಗೆ ಸರಿಯಾಗಿ ಸುಮಿತ್ರಮ್ಮನವರ ಬಾಗಿಲು. ಅವರ ರಂಗೋಲಿ ಎಂದರೆ ಯಾವಾಗಲೂ ಬೀದಿಯ ಅರ್ಧಕ್ಕೆ ಬರುವಷ್ಟು ದೊಡ್ಡದು. ಅವತ್ತು ಅವರು ಅದನ್ನು ಹೊಸ್ತಿಲಿಗೆ ಒತ್ತಿಕೊಂಡಂತೆ, ಅಂಗೈಯಷ್ಟಗಲ ಮಾತ್ರ ಹಾಕಿ, ನಡೆಯುವವರಿಗೆ ಜಾಗ ಬಿಟ್ಟಿದ್ದರು. ಹೆಂಗಸರ ಸಿಮೆಂಟು ಮೆತ್ತಿದ ಕಾಲುಗಳು ಅದರ ಪಕ್ಕದಲ್ಲೇ ಹೋದವು, ಬಂದವು.